ಮನೆಯ ನಾಯಿ, ಬೆಕ್ಕುಗಳ ಆರೋಗ್ಯ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಪಶುವೈದ್ಯ. ಮೊದಲ ಕೆಲವು ವರ್ಷ ಮಲೆನಾಡಿನ ತಾಲ್ಲೂಕು ಕೇಂದ್ರವೊಂದರಲ್ಲಿ ದನಕರುಗಳ ನಡುವೆ ಕಳೆದೆ. ಆಮೇಲೆ ಬೆಂಗಳೂರಿಗೆ ಬಂದು ಹೆಚ್ಚಾಗಿ ನಾಯಿ, ಬೆಕ್ಕುಗಳನ್ನೇ ನೋಡುತ್ತಿದ್ದೇನೆ. ಎರಡೂ ಕಡೆ ನನ್ನ ಮೇಜಿನ ಮೇಲೆ ಕಣ್ಣು ಮುಚ್ಚಿದ ಮರಿಗಳಲ್ಲಿ ಬಹುಪಾಲು ಸಾಯಬೇಕಾಗಿರಲಿಲ್ಲ. ಎಲ್ಲೋ ಒಂದು ತಾರೀಖು ತಪ್ಪಿರುತ್ತಿತ್ತು, ಅಷ್ಟೆ. ಸಾಕಿದವರು ಅಳುತ್ತಾ ಕೇಳುವ ಪ್ರಶ್ನೆಗಳನ್ನು ಮರಿ ತಂದ ವಾರದಲ್ಲೇ ಕೇಳಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಪ್ರತಿ ಸಲವೂ ಅನ್ನಿಸುತ್ತದೆ. ಅದಕ್ಕಾಗಿ ಈ ಬರಹ.

ನಾಯಿಮರಿಗೆ ಮೊದಲ ಲಸಿಕೆ ಯಾವಾಗ? ಒಂದೇ ಲಸಿಕೆಯನ್ನು ಮೂರು ಸಲ ಹಾಕುವುದೇಕೆ?

ಮೊದಲನೆಯದು ಆರರಿಂದ ಎಂಟು ವಾರದೊಳಗೆ. ನಂತರ ಮೂರು ನಾಲ್ಕು ವಾರಕ್ಕೊಮ್ಮೆ, ಮರಿಗೆ ಹದಿನಾರು ವಾರ ತುಂಬುವವರೆಗೆ. ಶ್ವಾಸಕ್ಕೂ ನರಗಳಿಗೂ ತಗಲುವ ಡಿಸ್ಟೆಂಪರ್, ವಾಂತಿ, ರಕ್ತಭೇದಿ ತರುವ ಪಾರ್ವೊ, ಯಕೃತ್ತಿಗೆ ತಗಲುವ ಹೆಪಟೈಟಿಸ್, ಇಲಿ ಜ್ವರ ಇವೆಲ್ಲಕ್ಕೂ ಸೇರಿದ ಒಂದೇ ಚುಚ್ಚುಮದ್ದು ಸಿಗುತ್ತದೆ.

ಮೂರು ಸಲ ಹಾಕುವುದು ವೈದ್ಯರ ಆದಾಯಕ್ಕೆ ಎಂದು ಅನುಮಾನಿಸುವವರಿದ್ದಾರೆ. ಕಾರಣ ಬೇರೆ. ಮರಿ ಹುಟ್ಟಿದ ಮೊದಲ ದಿನ ಕುಡಿಯುವ ಗಿಣ್ಣುಹಾಲಿನಲ್ಲಿ ತಾಯಿಯ ರೋಗನಿರೋಧಕ ಶಕ್ತಿ ಇರುತ್ತದೆ. ಅದು ಕೆಲವು ವಾರ ಮರಿಯನ್ನು ಕಾಯುತ್ತದೆ. ಆದರೆ ಅದೇ ಶಕ್ತಿ ಲಸಿಕೆಯಲ್ಲಿರುವ ದುರ್ಬಲ ವೈರಾಣುವನ್ನೂ ರೋಗವೆಂದು ತಿಳಿದು ಹೊಡೆದುಹಾಕುತ್ತದೆ. ಹಾಗಾದಾಗ ಮರಿಯ ದೇಹ ಲಸಿಕೆಯಿಂದ ಏನನ್ನೂ ಕಲಿಯುವುದಿಲ್ಲ. ತಾಯಿಯ ರಕ್ಷಣೆ ಒಂದು ಮರಿಯಲ್ಲಿ ಎಂಟನೇ ವಾರಕ್ಕೇ ಕರಗಬಹುದು, ಅದರ ಒಡಹುಟ್ಟಿನಲ್ಲಿ ಹದಿನಾಲ್ಕನೇ ವಾರದವರೆಗೂ ಉಳಿಯಬಹುದು. ಹೊರಗಿನಿಂದ ನೋಡಿ ಯಾವುದು ಎಂದು ಹೇಳಲಾಗದು. ಆದ್ದರಿಂದ ಆ ಅವಧಿಯುದ್ದಕ್ಕೂ ಬಿಟ್ಟು ಬಿಟ್ಟು ಹಾಕುತ್ತೇವೆ, ಒಂದಾದರೂ ಸರಿಯಾದ ಹೊತ್ತಿಗೆ ಬೀಳಲಿ ಎಂದು. ಕೊನೆಯದು ಹದಿನಾರು ವಾರದ ಹೊತ್ತಿಗೆ ಬೀಳಲೇಬೇಕು. ಎರಡು ಹಾಕಿಸಿ ಮೂರನೆಯದನ್ನು ಮರೆತ ಮನೆಗಳಲ್ಲೇ ನಾನು ಅತಿ ಹೆಚ್ಚು ಪಾರ್ವೊ ಕಂಡಿದ್ದೇನೆ.

ವರ್ಷ ತುಂಬುವ ಹೊತ್ತಿಗೆ ಇನ್ನೊಂದು ಬೂಸ್ಟರ್ ಇದೆ. ಅದನ್ನೂ ಬಿಡಬೇಡಿ.

ಬೆಕ್ಕಿನ ಮರಿಗೆ?

ಕ್ರಮ ಹೆಚ್ಚುಕಡಿಮೆ ಅದೇ, ರೋಗಗಳು ಬೇರೆ. ಪಾರ್ವೊಗೆ ಹತ್ತಿರದ ನೆಂಟನಾದ ಪ್ಯಾನ್‌ಲ್ಯೂಕೋಪೀನಿಯ, ಮೂಗು, ಕಣ್ಣು, ಬಾಯಿಗೆ ತಗಲುವ ಹರ್ಪಿಸ್ ಮತ್ತು ಕ್ಯಾಲಿಸಿ ವೈರಾಣುಗಳು, ಈ ಮೂರಕ್ಕೂ ಸೇರಿ ಒಂದು ಲಸಿಕೆ. ಬೆಕ್ಕಿಗೂ ಲಸಿಕೆ ಇದೆಯೇ ಎಂದು ಅಚ್ಚರಿಪಡುವವರು ಇಂದಿಗೂ ಇದ್ದಾರೆ. ಇದೆ. ರೇಬಿಸ್ ಲಸಿಕೆಯೂ ಬೇಕು.

ಕಳೆದ ತಿಂಗಳು ಪಾರ್ವೊದಿಂದ ಮರಿ ತೀರಿಕೊಂಡಿತು. ಮಕ್ಕಳು ಇನ್ನೊಂದು ಬೇಕೆನ್ನುತ್ತಿದ್ದಾರೆ. ತರಬಹುದೇ?

ಈಗಲೇ ಬೇಡ. ಪಾರ್ವೊ ವೈರಾಣು ಸತ್ತ ಮರಿಯೊಂದಿಗೆ ಹೋಗುವುದಿಲ್ಲ. ನೆಲದಲ್ಲಿ, ಗೋಣಿಚೀಲದಲ್ಲಿ, ಅಂಗಳದ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಫಿನಾಯಿಲ್‌ಗೆ ಅದು ಜಗ್ಗುವುದಿಲ್ಲ. ಬ್ಲೀಚ್ ದ್ರಾವಣ ಒಂದು ಪಾಲಿಗೆ ಮೂವತ್ತು ಪಾಲು ನೀರು ಬೆರೆಸಿ, ಮೊದಲು ಸೋಪಿನಿಂದ ತೊಳೆದ ನೆಲದ ಮೇಲೆ ಸುರಿದು ಹತ್ತು ನಿಮಿಷ ಬಿಡಿ. ಹಾಸಿಗೆ, ಮರದ ಗೂಡು, ಬಟ್ಟೆಯ ಆಟಿಕೆಗಳನ್ನು ಸುಟ್ಟುಬಿಡಿ. ಅಂಗಳದ ಮಣ್ಣನ್ನು ಹಾಗೆ ತೊಳೆಯಲಾಗದು. ಆದ್ದರಿಂದ ಅಂಥ ಮನೆಗೆ ಲಸಿಕೆಯ ಸುತ್ತು ಪೂರ್ತಿ ಮುಗಿದ, ನಾಲ್ಕು ತಿಂಗಳು ದಾಟಿದ ನಾಯಿಯನ್ನೇ ತನ್ನಿ ಎನ್ನುತ್ತೇನೆ. ಮಕ್ಕಳಿಗೆ ಒಂದು ಸಾವೇ ಹೆಚ್ಚಾಯಿತು.

ಮನೆಯಿಂದ ಹೊರಗೇ ಹೋಗದ ಬೆಕ್ಕಿಗೆ ರೇಬಿಸ್ ಲಸಿಕೆ ಏಕೆ?

ಬೆಕ್ಕು ಹೊರಗೆ ಹೋಗದಿದ್ದರೂ ಹೊರಗಿನದು ಒಳಗೆ ಬರುತ್ತದೆ. ಗಂಡು ಬೆಕ್ಕು ಕಿಟಕಿಯಿಂದ ನುಗ್ಗುತ್ತದೆ, ಬಾಗಿಲು ತೆರೆದಿಟ್ಟ ಒಂದು ಗಳಿಗೆಯಲ್ಲಿ ನಿಮ್ಮದು ಮೆಟ್ಟಿಲಿಳಿದಿರುತ್ತದೆ. ರೇಬಿಸ್‌ನ ಲಕ್ಷಣ ಒಮ್ಮೆ ಕಾಣಿಸಿಕೊಂಡರೆ ಪ್ರಾಣಿಗಾಗಲಿ ಮನುಷ್ಯನಿಗಾಗಲಿ ಬದುಕುವ ದಾರಿ ಇಲ್ಲವೆಂದೇ ಹೇಳಬೇಕು. ಇಂಥ ಇನ್ನೊಂದು ರೋಗ ನನಗೆ ಗೊತ್ತಿಲ್ಲ. ಹಾಗೆಯೇ, ಇಷ್ಟು ಅಗ್ಗದಲ್ಲಿ ಇಷ್ಟು ಖಚಿತವಾಗಿ ತಡೆಯಬಹುದಾದ ರೋಗವೂ ಅಪರೂಪ.

ನಾಯಿ, ಬೆಕ್ಕು ಎರಡಕ್ಕೂ ಮೂರು ತಿಂಗಳಿಗೆ ಮೊದಲ ರೇಬಿಸ್ ಲಸಿಕೆ. ನಮ್ಮಂಥ ರೋಗವಿರುವ ನಾಡಿನಲ್ಲಿ ಕೆಲವು ವಾರಗಳ ನಂತರ ಇನ್ನೊಂದು, ಆಮೇಲೆ ವರ್ಷಕ್ಕೊಂದು. ಸೆಪ್ಟೆಂಬರ್ 28 ವಿಶ್ವ ರೇಬಿಸ್ ದಿನ. ಆ ದಿನಗಳಲ್ಲಿ ಅನೇಕ ಊರುಗಳ ಪಶು ಆಸ್ಪತ್ರೆಗಳಲ್ಲಿ ಉಚಿತ ಲಸಿಕೆ ಹಾಕುತ್ತಾರೆ. ಆ ತಾರೀಖನ್ನೇ ನಿಮ್ಮ ವಾರ್ಷಿಕ ತಾರೀಖನ್ನಾಗಿ ಮಾಡಿಕೊಂಡರೆ ಮರೆಯುವ ಮಾತೇ ಇಲ್ಲ.

ನಮ್ಮ ನಾಯಿಗೆ ಲಸಿಕೆ ಆಗಿದೆ. ಆಟವಾಡುವಾಗ ಮಗುವಿಗೆ ಹಲ್ಲು ತಗುಲಿ ರಕ್ತ ಬಂತು. ಏನೂ ಮಾಡಬೇಕಿಲ್ಲ ತಾನೇ?

ಮಾಡಬೇಕು. ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಚ್ಚಿ ಹದಿನೈದು ನಿಮಿಷ ತೊಳೆಯಿರಿ. ಗಡಿಯಾರ ನೋಡಿಯೇ ತೊಳೆಯಿರಿ, ಏಕೆಂದರೆ ಅಳುವ ಮಗುವನ್ನು ಹಿಡಿದುಕೊಂಡವರಿಗೆ ಎರಡು ನಿಮಿಷವೇ ಹದಿನೈದರಂತೆ ತೋರುತ್ತದೆ. ಅರಿಶಿನ, ಸುಣ್ಣ, ಮೆಣಸಿನಪುಡಿ, ಕಾಫಿಪುಡಿ ಯಾವುದನ್ನೂ ಹಚ್ಚಬೇಡಿ. ಬಟ್ಟೆ ಬಿಗಿದು ಕಟ್ಟಬೇಡಿ. ನೇರವಾಗಿ ಆಸ್ಪತ್ರೆಗೆ ಹೋಗಿ. ನಾಯಿಯ ಲಸಿಕೆ ಪುಸ್ತಕ ಜೊತೆಗಿರಲಿ, ಅದನ್ನು ನೋಡಿ ವೈದ್ಯರು ನಿರ್ಧರಿಸುತ್ತಾರೆ. ರಕ್ತ ಬಂದ ಗಾಯಕ್ಕೆ ಲಸಿಕೆಯ ಜೊತೆ, ಕೂಡಲೇ ರಕ್ಷಣೆ ಕೊಡುವ ಇಮ್ಯುನೋಗ್ಲಾಬ್ಯುಲಿನ್ ಚುಚ್ಚುಮದ್ದು ಕೂಡ ಬೇಕಾಗಬಹುದು.

ಕಚ್ಚಿದ ನಾಯಿಯನ್ನು ಹತ್ತು ದಿನ ಕಣ್ಣಿಟ್ಟು ನೋಡಬೇಕು ಎಂಬ ಮಾತು ನಿಜ. ರೇಬಿಸ್ ಇರುವ ನಾಯಿಯ ಜೊಲ್ಲಿನಲ್ಲಿ ವೈರಾಣು ಬರುವುದು ರೋಗಲಕ್ಷಣಕ್ಕೆ ಕೆಲವೇ ದಿನ ಮೊದಲು. ಹತ್ತು ದಿನ ಕಳೆದರೂ ಅದು ಗಟ್ಟಿಮುಟ್ಟಾಗಿದ್ದರೆ ಕಚ್ಚಿದ ದಿನ ಜೊಲ್ಲಿನಲ್ಲಿ ವೈರಾಣು ಇರಲಿಲ್ಲ ಎಂದರ್ಥ. ಆದರೆ ಈ ಹತ್ತು ದಿನ ಕಾಯುತ್ತಾ ಮಗುವಿನ ಚಿಕಿತ್ಸೆ ಮುಂದೂಡುವುದು ದೊಡ್ಡ ತಪ್ಪು. ಚಿಕಿತ್ಸೆ ಆ ದಿನವೇ ಶುರುವಾಗಬೇಕು. ನಾಯಿ ಆರೋಗ್ಯವಾಗಿ ಉಳಿದರೆ ಮುಂದಿನ ಚುಚ್ಚುಮದ್ದು ನಿಲ್ಲಿಸಬೇಕೇ ಎಂಬುದನ್ನು ವೈದ್ಯರು ಹೇಳುತ್ತಾರೆ.

ಔಷಧಿ ಅಂಗಡಿಯಲ್ಲಿ ಲಸಿಕೆ ಸಿಗುತ್ತದೆ. ತಂದು ನಾವೇ ಹಾಕಿದರೆ ಆಗದೇ?

ಲಸಿಕೆ ತಯಾರಾದ ಕಾರ್ಖಾನೆಯಿಂದ ಚುಚ್ಚುವ ಕ್ಷಣದವರೆಗೆ 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿರಬೇಕು. ಬಿಸಿಲಲ್ಲಿ ಸ್ಕೂಟರಿನ ಡಿಕ್ಕಿಯಲ್ಲಿ ಅರ್ಧ ಗಂಟೆ ಬಂದ ಸೀಸೆ ನೋಡಲು ಹಾಗೆಯೇ ಇರುತ್ತದೆ, ಕೆಲಸ ಮಾಡುತ್ತದೆಯೇ ಎಂಬುದು ಯಾರಿಗೂ ತಿಳಿಯದು. ಲಸಿಕೆ ಹಾಕಿದ್ದೇವೆ ಎಂಬ ಧೈರ್ಯ ಮಾತ್ರ ಉಳಿಯುತ್ತದೆ, ಅದು ಹಾಕದಿರುವುದಕ್ಕಿಂತ ಅಪಾಯ. ಅಲ್ಲದೆ ಲಸಿಕೆಗೆ ಮೊದಲು ಜ್ವರ ನೋಡಬೇಕು, ಹಾಕಿದ ಮೇಲೆ ಅರ್ಧ ಗಂಟೆ ಕಾಯಬೇಕು. ಅಪರೂಪಕ್ಕೆ ಮುಖ ಊದಿಕೊಂಡು, ಉಸಿರು ಕಟ್ಟಿ ಬೀಳುವ ಪ್ರಾಣಿಗಳಿರುತ್ತವೆ. ಆಗ ಪಕ್ಕದಲ್ಲಿ ವೈದ್ಯರಿರಬೇಕು.

ನಮ್ಮದು ಜಾತಿ ನಾಯಿ ಅಲ್ಲ, ತೋಟ ಕಾಯುವ ಊರ ನಾಯಿ. ಇದಕ್ಕೆಲ್ಲ ಇಷ್ಟು ಬೇಕೇ?

ಬೇಕು, ಇನ್ನೂ ಹೆಚ್ಚಾಗಿ ಬೇಕು. ಊರ ನಾಯಿಗೆ ರೋಗ ತಟ್ಟುವುದಿಲ್ಲ ಎಂಬ ನಂಬಿಕೆ ಹಳ್ಳಿಯಲ್ಲೂ ಇದೆ, ನಗರದಲ್ಲೂ ಇದೆ. ಬದುಕುಳಿದ ಎರಡು ನಾಯಿಗಳನ್ನು ನೋಡಿ ಹಾಗೆ ಹೇಳುತ್ತೇವೆ, ಅದರ ಜೊತೆ ಹುಟ್ಟಿ ಮಳೆಗಾಲ ದಾಟದೆ ಹೋದ ಐದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ತೋಟದ ನಾಯಿ ಇಲಿ ಓಡಾಡಿದ ನೀರು ಕುಡಿಯುತ್ತದೆ, ಬೇರೆ ನಾಯಿಗಳೊಡನೆ ಕಚ್ಚಾಡುತ್ತದೆ, ಅದೇ ಸಂಜೆ ಮನೆಯ ಮಗುವಿನ ಕೈ ನೆಕ್ಕುತ್ತದೆ. ಹಣದ ತೊಂದರೆ ಇದ್ದರೆ ರೇಬಿಸ್ ಒಂದನ್ನಾದರೂ ಬಿಡಬೇಡಿ. ಒಂದು ಊರಿನ ನಾಯಿಗಳಲ್ಲಿ ನೂರಕ್ಕೆ ಎಪ್ಪತ್ತಕ್ಕೆ ಲಸಿಕೆಯಾದರೆ ರೇಬಿಸ್ ಹರಡುವ ಸರಪಳಿ ತುಂಡಾಗುತ್ತದೆ. ನಿಮ್ಮ ಕಾವಲು ನಾಯಿಯೂ ಆ ಎಪ್ಪತ್ತರಲ್ಲಿ ಒಂದಾಗಬೇಕು.

ದೊಡ್ಡ ನಾಯಿಗೆ ಪ್ರತಿ ವರ್ಷ ಎಲ್ಲ ಲಸಿಕೆಗಳೂ ಅಗತ್ಯವೇ?

ಎಲ್ಲವೂ ಅಲ್ಲ. ಮರಿಯಲ್ಲಿ ಸರಿಯಾಗಿ ಮುಗಿಸಿ ವರ್ಷದ ಬೂಸ್ಟರ್ ಪಡೆದ ನಾಯಿಗೆ ಡಿಸ್ಟೆಂಪರ್, ಪಾರ್ವೊ ಲಸಿಕೆ ಮೂರು ವರ್ಷಕ್ಕೊಮ್ಮೆ ಸಾಕೆಂದು ಅಂತರರಾಷ್ಟ್ರೀಯ ಮಾರ್ಗಸೂಚಿಗಳು ಹೇಳುತ್ತವೆ. ರೇಬಿಸ್ ಮತ್ತು ಇಲಿ ಜ್ವರದ ಲಸಿಕೆಗಳು ನಮ್ಮಲ್ಲಿ ವರ್ಷ ವರ್ಷ ಬೇಕು. ಇಲಿ ಜ್ವರದ ರಕ್ಷಣೆ ಬೇಗ ಇಳಿಯುತ್ತದೆ, ಅದು ಮನುಷ್ಯರಿಗೂ ಬರುವ ಕಾಯಿಲೆ. ಕರಾವಳಿ, ಮಲೆನಾಡಿನವರು ಇದನ್ನು ಮಳೆಗಾಲಕ್ಕೆ ಮೊದಲೇ, ಮೇ ತಿಂಗಳಲ್ಲಿ ಮುಗಿಸಿಕೊಂಡರೆ ಒಳ್ಳೆಯದು. ನಿಮ್ಮ ವೈದ್ಯರೊಡನೆ ಈ ಬಗ್ಗೆ ಮುಕ್ತವಾಗಿ ಮಾತನಾಡಿ, ಅದನ್ನು ಯಾವ ಒಳ್ಳೆಯ ವೈದ್ಯರೂ ತಪ್ಪು ತಿಳಿಯುವುದಿಲ್ಲ.

ಮಲದಲ್ಲಿ ಹುಳು ಕಾಣುವುದಿಲ್ಲ. ಆದರೂ ಜಂತುಹುಳು ಔಷಧಿ ಕೊಡಬೇಕೇ?

ಹುಳು ಹೊರಬಂದು ಕಾಣಿಸುವ ಹೊತ್ತಿಗೆ ಒಳಗೆ ಬಹಳಷ್ಟು ಇರುತ್ತವೆ. ನಾಯಿಮರಿಗಳಿಗೆ ದುಂಡುಹುಳು ತಾಯಿಯ ಹೊಟ್ಟೆಯಲ್ಲಿರುವಾಗಲೇ ಬರುತ್ತದೆ, ಬೆಕ್ಕಿನ ಮರಿಗೆ ತಾಯಿಯ ಹಾಲಿನಿಂದ. ಹಾಗಾಗಿ ನಾಯಿಮರಿಗೆ ಎರಡನೇ ವಾರದಿಂದಲೇ ಶುರು ಮಾಡಿ ಎರಡು ವಾರಕ್ಕೊಮ್ಮೆ, ಎರಡು ತಿಂಗಳ ನಂತರ ಆರು ತಿಂಗಳವರೆಗೆ ತಿಂಗಳಿಗೊಮ್ಮೆ, ಆಮೇಲೆ ಮೂರು ತಿಂಗಳಿಗೊಮ್ಮೆ ಕೊಡುತ್ತೇವೆ. ತೂಕ ನೋಡಿಯೇ ಪ್ರಮಾಣ. ಅಂದಾಜಿನಲ್ಲಿ ಅರ್ಧ ಮಾತ್ರೆ ಮುರಿದು ಕೊಡುವುದು ಬೇಡ.

ಇದು ಮಕ್ಕಳ ವಿಷಯವೂ ಹೌದು. ಕೊಕ್ಕೆಹುಳುವಿನ ಮರಿ ಬರಿಗಾಲಿನ ಚರ್ಮದೊಳಗೆ ನುಸುಳಿ ಕೆಂಪು ಗೆರೆ ಎಳೆದಂತೆ ಹರಿದಾಡುತ್ತದೆ. ದುಂಡುಹುಳುವಿನ ಮೊಟ್ಟೆ ಮಣ್ಣಿನಿಂದ ಬಾಯಿಗೆ ಹೋದರೆ ಕಣ್ಣಿಗೂ ತೊಂದರೆಯಾಗಬಹುದು. ಮಗುವಿಗೆ ಜಂತುಹುಳು ಔಷಧಿ ಕೊಡುವ ದಿನವೇ ಮನೆಯ ನಾಯಿಗೂ ಕೊಡುವ ಅಭ್ಯಾಸ ಇಟ್ಟುಕೊಂಡ ತಾಯಿಯೊಬ್ಬರನ್ನು ನಾನು ಬಲ್ಲೆ. ಅವರು ಒಂದು ಸಲವೂ ಮರೆತಿಲ್ಲ.

ಎಷ್ಟು ತೆಗೆದರೂ ಉಣ್ಣೆ ಮತ್ತೆ ಬರುತ್ತದೆ. ಏಕೆ?

ಏಕೆಂದರೆ ಅವುಗಳ ಮನೆ ನಾಯಿಯಲ್ಲ, ನಿಮ್ಮ ಗೋಡೆ. ನಾಯಿಯ ಮೈಮೇಲೆ ಕಾಣುವುದು ಒಟ್ಟು ಉಣ್ಣೆಯಲ್ಲಿ ಚಿಕ್ಕ ಪಾಲು. ರಕ್ತ ಕುಡಿದು ದ್ರಾಕ್ಷಿಯಂತೆ ಊದಿದ ಹೆಣ್ಣು ಉಣ್ಣೆ ಕೆಳಗೆ ಬಿದ್ದು, ಗೋಡೆಯ ಬಿರುಕು, ಗೂಡಿನ ಸಂದು, ಮ್ಯಾಟಿನ ಅಡಿ ಸೇರಿ ಸಾವಿರಾರು ಮೊಟ್ಟೆ ಇಡುತ್ತದೆ. ಹೊಟ್ಟೆಗಿಲ್ಲದೆಯೂ ತಿಂಗಳುಗಟ್ಟಲೆ ಕಾಯಬಲ್ಲದು. ನಾಯಿಗೆ ಸ್ನಾನ ಮಾಡಿಸಿ ಗೂಡನ್ನು ಹಾಗೇ ಬಿಟ್ಟರೆ ಎರಡು ವಾರದಲ್ಲಿ ಮೊದಲಿನಂತೆಯೇ ಆಗುತ್ತದೆ. ಬಿರುಕುಗಳನ್ನು ಸಿಮೆಂಟಿನಿಂದ ಮುಚ್ಚಿ, ಹಾಸಿಗೆಯನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿ, ಆವರಣಕ್ಕೆ ಸಿಂಪಡಿಸುವ ಔಷಧವನ್ನು ವೈದ್ಯರ ಸಲಹೆಯಂತೆ ಬಳಸಿ. ಸಿಂಪಡಿಸುವಾಗ ಪ್ರಾಣಿಗಳನ್ನೂ ಮಕ್ಕಳನ್ನೂ ದೂರ ಇರಿಸಿ. ನಾಯಿಗೆ ಕತ್ತಿನ ಹಿಂದೆ ಹಚ್ಚುವ ದ್ರವ ಇದೆ, ಒಂದರಿಂದ ಮೂರು ತಿಂಗಳು ಕೆಲಸ ಮಾಡುವ ಅಗಿಯುವ ಮಾತ್ರೆಗಳೂ ಇವೆ. ಫಿಟ್ಸ್ ಬರುವ ನಾಯಿಯಾದರೆ ಮಾತ್ರೆಗೆ ಮೊದಲು ಅದನ್ನು ವೈದ್ಯರಿಗೆ ಹೇಳಲೇಬೇಕು.

ಉಣ್ಣೆಯನ್ನು ಚಿಮುಟದಿಂದ ಚರ್ಮಕ್ಕೆ ತೀರಾ ಹತ್ತಿರ ಹಿಡಿದು ನೇರವಾಗಿ ಎಳೆಯಿರಿ. ಬೆರಳಿನಿಂದ ಹಿಸುಕಬೇಡಿ. ಬೆಂಕಿಕಡ್ಡಿ, ಸೀಮೆಎಣ್ಣೆ ಬೇಡವೇ ಬೇಡ.

ಇಷ್ಟೆಲ್ಲ ಹೇಳುವುದಕ್ಕೆ ಕಾರಣ ತುರಿಕೆಯಲ್ಲ. ಎರ್ಲಿಕಿಯ, ಬೆಬಿಸಿಯ ಎಂಬ ರಕ್ತದ ಕಾಯಿಲೆಗಳು ಉಣ್ಣೆಯಿಂದಲೇ ಬರುತ್ತವೆ, ಬೆಂಗಳೂರಿನಲ್ಲಿ ನಾನು ಇವುಗಳನ್ನು ಕಾಣದ ವಾರವಿಲ್ಲ. ಊಟ ಬಿಡುವುದು, ಜ್ವರ, ಒಸಡು ಬಿಳಿಚುವುದು, ಮೂಗಿನಿಂದ ರಕ್ತ, ಕಾಫಿ ಬಣ್ಣದ ಮೂತ್ರ, ಇವುಗಳಲ್ಲಿ ಯಾವುದು ಕಂಡರೂ ಅಂದೇ ರಕ್ತ ಪರೀಕ್ಷೆ ಮಾಡಿಸಿ. ಬೇಗ ಗೊತ್ತಾದರೆ ಹೆಚ್ಚಿನವು ಬದುಕುತ್ತವೆ.

ಮಲೆನಾಡಿನ ಓದುಗರಿಗೆ ಇನ್ನೊಂದು ಮಾತು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆಯನ್ನು ಹರಡುವುದು ಕಾಡಿನ ಉಣುಗು, ಮನೆಯ ಗೋಡೆಯಲ್ಲಿರುವ ನಾಯಿ ಉಣ್ಣೆಯ ಜಾತಿ ಬೇರೆ. ಆದರೆ ಕಾಡಿಗೆ ಹೋಗಿಬರುವ ನಾಯಿ ಮೈಮೇಲೆ ಏನನ್ನು ಹೊತ್ತು ತರುತ್ತದೆ ಎಂದು ನೋಡದೆ ಒಳಗೆ ಬಿಡಬೇಡಿ, ಅದರಲ್ಲೂ ಕಾಯಿಲೆ ಹೆಚ್ಚುವ ಬೇಸಿಗೆಯ ತಿಂಗಳುಗಳಲ್ಲಿ.

ನಾಯಿಯ ಉಣ್ಣೆ ಔಷಧಿಯನ್ನೇ ಬೆಕ್ಕಿಗೂ ಸ್ವಲ್ಪ ಹಚ್ಚಬಹುದೇ?

ಹಚ್ಚಲೇಬೇಡಿ. ನಾಯಿಗೆ ಒಗ್ಗುವ ಪರ್ಮೆಥ್ರಿನ್ ಎಂಬ ಉಣ್ಣೆ ಔಷಧ ಬೆಕ್ಕಿಗೆ ವಿಷ, ನಡುಕ ಬಂದು ಸಾಯುತ್ತದೆ. ಜ್ವರಕ್ಕೆಂದು ಪ್ಯಾರಾಸಿಟಮಾಲ್ ಕೊಡುವವರೂ ಇದ್ದಾರೆ. ಒಂದೇ ಮಾತ್ರೆ ಬೆಕ್ಕಿನ ಪ್ರಾಣ ತೆಗೆಯಬಲ್ಲದು, ಅದರ ದೇಹಕ್ಕೆ ಆ ಔಷಧವನ್ನು ಕರಗಿಸುವ ಶಕ್ತಿಯೇ ಇಲ್ಲ. ಪ್ರೀತಿಯಿಂದ ಕೊಟ್ಟ ಮಾತ್ರೆಯಿಂದ ಬೆಕ್ಕು ಸತ್ತಿತೆಂದು ಮನೆಯವರಿಗೆ ಹೇಳುವುದು ನನ್ನ ವೃತ್ತಿಯ ಅತ್ಯಂತ ಕಷ್ಟದ ಕೆಲಸ.

ಮನೆ ಊಟ ಸಾಕೇ? ನಮ್ಮದು ಸಸ್ಯಾಹಾರಿ ಮನೆ.

ನಾಯಿ ಹೊಂದಿಕೊಳ್ಳುತ್ತದೆ, ಬೆಕ್ಕು ಹೊಂದಿಕೊಳ್ಳಲಾರದು. ಬೆಕ್ಕಿಗೆ ಬೇಕಾದ ಟಾರಿನ್ ಎಂಬ ಪೋಷಕಾಂಶ ಮಾಂಸ, ಮೀನಿನಲ್ಲಿದೆ. ಹಾಲು ಅನ್ನದಲ್ಲೇ ಬೆಳೆದ ಬೆಕ್ಕಿಗೆ ಕಾಲಕ್ರಮೇಣ ಕಣ್ಣು ಮಂಜಾಗುತ್ತದೆ, ಹೃದಯ ಹಿಗ್ಗುತ್ತದೆ. ಮಾಂಸ ಬೇಯಿಸಲು ಮನಸ್ಸಿಲ್ಲದ ಮನೆಯವರು ಬೆಕ್ಕಿಗೆಂದೇ ತಯಾರಾದ ಒಣ ಆಹಾರ ಕೊಡಿ, ಅದರಲ್ಲಿ ಟಾರಿನ್ ಸೇರಿರುತ್ತದೆ.

ನಾಯಿಗೆ ಮೊಸರನ್ನ, ರಾಗಿ ಅಂಬಲಿ ಇರಲಿ, ಆದರೆ ಅದೊಂದೇ ಆದರೆ ಪ್ರೋಟೀನ್ ಸಾಲದು. ಮೊಟ್ಟೆ, ಪನೀರ್, ಚೆನ್ನಾಗಿ ಬೆಂದ ಬೇಳೆ ಸೇರಿಸಿ. ಬೆಳೆಯುವ ಮರಿಗೆ ಬರೀ ಅನ್ನ ಅಥವಾ ಬರೀ ಕೋಳಿಮಾಂಸ ಹಾಕಿದರೆ ಕ್ಯಾಲ್ಸಿಯಂ ಸಾಲದೆ ಕಾಲು ಬಾಗುತ್ತದೆ. ಈರುಳ್ಳಿ, ಬೆಳ್ಳುಳ್ಳಿ ರಕ್ತಕಣಗಳನ್ನು ಒಡೆಯುತ್ತವೆ, ಆದ್ದರಿಂದ ಉಳಿದ ಸಾಂಬಾರು, ಬಿರಿಯಾನಿ ಹಾಕಬೇಡಿ. ಹಬ್ಬದ ದಿನ ಪಾಯಸದಲ್ಲಿರುವ ಒಣದ್ರಾಕ್ಷಿ ನಾಯಿಯ ಮೂತ್ರಪಿಂಡವನ್ನು ಹಾಳುಮಾಡಬಲ್ಲದು. ಚಾಕೊಲೇಟ್, ಸಕ್ಕರೆರಹಿತ ಚ್ಯೂಯಿಂಗ್ ಗಮ್, ಬೇಯಿಸಿದ ಕೋಳಿಮೂಳೆ ಕೈಗೆಟುಕದ ಕಡೆ ಇರಲಿ.

ನಮ್ಮ ಮುಧೋಳ ನಾಯಿಯ ಪಕ್ಕೆಲುಬು ಕಾಣುತ್ತದೆ. ಊಟ ಹೆಚ್ಚಿಸಬೇಕೇ?

ಓಟಕ್ಕೆಂದೇ ಬೆಳೆದ ತಳಿ ಅದು, ಕೊನೆಯ ಎರಡು ಮೂರು ಪಕ್ಕೆಲುಬು ಕಾಣುವುದು ಸಹಜ. ಕೊಬ್ಬು ಕಡಿಮೆ ಇರುವುದರಿಂದ ಕೆಲವು ಅರಿವಳಿಕೆಗಳು ಅದಕ್ಕೆ ಹೆಚ್ಚು ತಟ್ಟುತ್ತವೆ, ಶಸ್ತ್ರಚಿಕಿತ್ಸೆಗೆ ಮೊದಲು ತಳಿಯ ವಿಷಯ ನೆನಪಿಸಿ. ಲ್ಯಾಬ್ರಡಾರ್‌ನ ಕತೆ ಇದಕ್ಕೆ ತದ್ವಿರುದ್ಧ: ಪಕ್ಕೆಲುಬು ಕೈಗೆ ಸಿಗದಿದ್ದರೆ ಊಟ ಕಡಿಮೆ ಮಾಡಿ.

ಸಂತಾನಹರಣ ಮಾಡಿಸಲು ಮನಸ್ಸು ಒಪ್ಪುವುದಿಲ್ಲ. ಒಂದು ಸಲವಾದರೂ ಮರಿ ಹಾಕಲಿ ಅನ್ನಿಸುತ್ತದೆ.

ಈ ಮಾತಿನ ಹಿಂದಿನ ಪ್ರೀತಿ ನನಗೆ ಅರ್ಥವಾಗುತ್ತದೆ. ಆದರೆ ಒಂದು ಸಲ ಮರಿ ಹಾಕಿದರೆ ಆರೋಗ್ಯಕ್ಕೆ ಒಳ್ಳೆಯದು ಎಂಬುದಕ್ಕೆ ಆಧಾರವಿಲ್ಲ. ಹೆಣ್ಣು ನಾಯಿಗೆ ಮೊದಲ ಬೆದೆಗೆ ಮುಂಚೆ ಶಸ್ತ್ರಚಿಕಿತ್ಸೆಯಾದರೆ ಕೆಚ್ಚಲಿನ ಗೆಡ್ಡೆಯ ಸಾಧ್ಯತೆ ತೀರಾ ಕಡಿಮೆಯಾಗುತ್ತದೆ. ಮಾಡಿಸದೆ ಬಿಟ್ಟ ಹೆಣ್ಣುಗಳಲ್ಲಿ ವಯಸ್ಸಾದಂತೆ ಗರ್ಭಕೋಶದಲ್ಲಿ ಕೀವು ತುಂಬುವುದು ಸಾಮಾನ್ಯ. ಬೆದೆ ಮುಗಿದು ಒಂದೆರಡು ತಿಂಗಳಲ್ಲಿ ವಿಪರೀತ ನೀರು ಕುಡಿಯುತ್ತದೆ, ಊಟ ಬಿಡುತ್ತದೆ. ಆಗ ಮಧ್ಯರಾತ್ರಿಯಲ್ಲಿ, ಜ್ವರದಲ್ಲಿರುವ ಮುದಿ ನಾಯಿಗೆ ಅದೇ ಶಸ್ತ್ರಚಿಕಿತ್ಸೆಯನ್ನು ಹತ್ತು ಪಟ್ಟು ಅಪಾಯದಲ್ಲಿ ಮಾಡಬೇಕಾಗುತ್ತದೆ. ದೊಡ್ಡ ತಳಿಗಳಿಗೆ ಮೂಳೆ ಬೆಳೆಯುವವರೆಗೆ ಕಾಯುವುದು ಒಳಿತಾಗಬಹುದು, ವಯಸ್ಸನ್ನು ವೈದ್ಯರೊಡನೆ ಕುಳಿತು ನಿರ್ಧರಿಸಿ. ಬೆಕ್ಕಿನ ವಿಷಯದಲ್ಲಿ ತಡ ಬೇಡ, ನಾಲ್ಕೈದು ತಿಂಗಳಿಗೇ ಅದು ಗರ್ಭ ಧರಿಸಬಲ್ಲದು.

ಹುಟ್ಟುವ ಆರು ಮರಿಗಳಿಗೆ ಆರು ಒಳ್ಳೆಯ ಮನೆ ಸಿಗುತ್ತದೆಯೇ ಎಂದು ಮೊದಲೇ ಕೇಳಿಕೊಳ್ಳಿ. ರಟ್ಟಿನ ಪೆಟ್ಟಿಗೆಯಲ್ಲಿ ನಮ್ಮ ಬಾಗಿಲಿಗೆ ಬರುವ ಮರಿಗಳು ಇಂಥ ಮನೆಗಳಿಂದಲೇ ಬಂದವು.

ಸೊಸೆ ಗರ್ಭಿಣಿ. ಬೆಕ್ಕನ್ನು ಬಿಟ್ಟುಬಿಡಿ ಎಂದು ನೆಂಟರು ಒತ್ತಾಯಿಸುತ್ತಿದ್ದಾರೆ.

ಬಿಡಬೇಕಿಲ್ಲ. ಅವರ ಭಯ ಗರ್ಭದಲ್ಲಿರುವ ಶಿಶುವಿಗೆ ತೊಂದರೆ ಕೊಡಬಲ್ಲ ಟಾಕ್ಸೊಪ್ಲಾಸ್ಮ ಎಂಬ ಸೂಕ್ಷ್ಮಜೀವಿಯ ಬಗ್ಗೆ. ಬೆಕ್ಕಿನ ಮಲದಲ್ಲಿ ಬರುವ ಆ ಜೀವಿ ಸೋಂಕು ತರುವ ಹಂತಕ್ಕೆ ಬರಲು ಒಂದರಿಂದ ಐದು ದಿನ ಬೇಕು, ಮಲದ ತಟ್ಟೆಯನ್ನು ದಿನವೂ ಬೇರೆ ಯಾರಾದರೂ ಸ್ವಚ್ಛಮಾಡಿದರೆ ಆತಂಕ ಬಹುತೇಕ ಮುಗಿಯಿತು. ಬೆಕ್ಕಿಗೆ ಹಸಿಮಾಂಸ ಕೊಡಬೇಡಿ. ಮನುಷ್ಯರಿಗೆ ಈ ಸೋಂಕು ಅರೆಬೆಂದ ಮಾಂಸ, ತೊಳೆಯದ ಸೊಪ್ಪು, ಕೈತೋಟದ ಮಣ್ಣಿನಿಂದಲೂ ಬರುತ್ತದೆ. ಆ ಕಡೆಯೂ ಎಚ್ಚರ ಇರಲಿ.

ಬೇಸಿಗೆಯಲ್ಲಿ ಏನು ಗಮನಿಸಬೇಕು?

ನಾಯಿಯ ಸಹಜ ಉಷ್ಣತೆ ಸುಮಾರು 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. 104 ದಾಟಿದರೆ ತುರ್ತು. ಪಗ್‌ನಂಥ ಚಪ್ಪಟೆ ಮೂಗಿನ ತಳಿಗಳು ಬಲು ಬೇಗ ಬೀಳುತ್ತವೆ. ಕಲಬುರಗಿ, ರಾಯಚೂರಿನ ಏಪ್ರಿಲ್‌ನಲ್ಲಿ ಸೂರ್ಯ ಹುಟ್ಟುವ ಮುಂಚೆಯೇ ವಾಕಿಂಗ್ ಮುಗಿಸಿ. ನಿಲ್ಲಿಸಿದ ಕಾರಿನಲ್ಲಿ ಐದು ನಿಮಿಷವೂ ಬಿಡಬೇಡಿ. ಕುಸಿದು ಬಿದ್ದರೆ ಸಾಧಾರಣ ತಂಪಿನ ನೀರು ಮೈಮೇಲೆ ಹಾಕಿ, ಫ್ಯಾನ್ ಗಾಳಿ ಬಿಡುತ್ತಾ ಆಸ್ಪತ್ರೆಗೆ ತನ್ನಿ.

ಹಲ್ಲು ಉಜ್ಜಬೇಕೇ?

ಹೌದು, ಮರಿಯಿಂದಲೇ ರೂಢಿಸಿ. ನಮ್ಮ ಟೂತ್‌ಪೇಸ್ಟ್ ಬೇಡ, ಪ್ರಾಣಿಗಳದ್ದೇ ಬೇಕು.

ಬೆಕ್ಕಿಗೆ ಕಾಯಿಲೆ ಎಂದು ತಿಳಿಯುವುದು ಹೇಗೆ? ಅದು ಏನನ್ನೂ ತೋರಿಸುವುದಿಲ್ಲ.

ನಿಜ, ಬೆಕ್ಕು ನೋವನ್ನು ಅಡಗಿಸುತ್ತದೆ. ಹಾಗಾಗಿ ದಿನಚರಿಯನ್ನು ನೋಡಿ. ಯಾವಾಗಲೂ ಕಪಾಟಿನ ಮೇಲೆ ಹಾರುತ್ತಿದ್ದುದು ನೆಲದಲ್ಲೇ ಮಲಗಿದರೆ, ಮೈ ನೆಕ್ಕುವುದನ್ನು ಬಿಟ್ಟರೆ, ಮಂಚದ ಕೆಳಗೆ ಸೇರಿದರೆ ಅದು ಮಾತನಾಡುತ್ತಿದೆ ಎಂದೇ ತಿಳಿಯಿರಿ. ಒಂದು ದಿನ ಪೂರ್ತಿ ಊಟ ಬಿಟ್ಟ ಬೆಕ್ಕನ್ನು ಮರುದಿನ ತೋರಿಸಲೇಬೇಕು. ಉಪವಾಸ ಕೆಲವು ದಿನ ಮುಂದುವರಿದರೆ ಯಕೃತ್ತಿನಲ್ಲಿ ಕೊಬ್ಬು ತುಂಬಿ ಪ್ರಾಣಕ್ಕೆ ಬರುತ್ತದೆ. ಗಂಡು ಬೆಕ್ಕು ಮತ್ತೆ ಮತ್ತೆ ಕುಕ್ಕರಿಸಿ ಮೂತ್ರಕ್ಕೆ ಮುಕ್ಕರಿಯುತ್ತಿದ್ದರೆ ಮಲಬದ್ಧತೆ ಎಂದು ತಿಳಿದು ಎಣ್ಣೆ ಕುಡಿಸಬೇಡಿ. ಮೂತ್ರನಾಳ ಕಟ್ಟಿಕೊಂಡಿರಬಹುದು, ಒಂದೆರಡು ದಿನದಲ್ಲಿ ಸಾವು ಬರುತ್ತದೆ. ರಾತ್ರಿಯಾದರೂ ಹೊರಡಿ.

ವರ್ಷದ ತಪಾಸಣೆಗೆ ಬರುವಾಗ ಏನು ತರಬೇಕು?

ಲಸಿಕೆ ಪುಸ್ತಕ, ಅಂದಿನ ಮಲದ ಚಿಕ್ಕ ಮಾದರಿ, ಈಗ ಕೊಡುತ್ತಿರುವ ಔಷಧಿಗಳ ಹೆಸರು. ಕೆಮ್ಮು, ಕುಂಟು, ನಡುಕದಂಥದ್ದು ಆಸ್ಪತ್ರೆಗೆ ಬಂದಾಗ ಮಾಯವಾಗಿರುತ್ತದೆ, ಮೊಬೈಲಿನಲ್ಲಿ ಚಿತ್ರೀಕರಿಸಿ ತನ್ನಿ. ಏಳು ವರ್ಷ ದಾಟಿದ ಪ್ರಾಣಿಯನ್ನು ವರ್ಷಕ್ಕೆ ಎರಡು ಸಲ ತೋರಿಸಿ, ರಕ್ತ ಮತ್ತು ಮೂತ್ರ ಪರೀಕ್ಷೆ ಮಾಡಿಸಿ. ಬೆಕ್ಕನ್ನು ಬುಟ್ಟಿಯಲ್ಲಿ ಮುಚ್ಚಿ, ಮೇಲೆ ನಿಮ್ಮ ಹಳೆಯ ಬಟ್ಟೆ ಹೊದಿಸಿ ತನ್ನಿ, ನಿಮ್ಮ ವಾಸನೆ ಇದ್ದರೆ ಅದಕ್ಕೆ ಭಯ ಕಡಿಮೆ. ಹೊರಡುವ ಮುನ್ನ ಮುಂದಿನ ತಾರೀಖನ್ನು ಪುಸ್ತಕದಲ್ಲಿ ಬರೆಸಿಕೊಳ್ಳಿ. ಮನೆಗೆ ಹೋದ ಕೂಡಲೇ ಅದನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ, ಗ್ಯಾಸ್ ಸಿಲಿಂಡರ್ ತಂದ ದಿನ ಬರೆದಿಡುವ ಜಾಗದ ಪಕ್ಕದಲ್ಲೇ ಗುರುತು ಹಾಕಿ.